ಜೋಕುಮಾರನ ಬಾಯಿ

ಕಲಾಶಾಲೆಯ ಸೆರಾಮಿಕ್ ವಿಭಾಗದಲ್ಲಿ ಮೊದಲ ಪಾಠ ಒಂದೇ: ಸುಟ್ಟರೆ ಸೆರಾಮಿಕ್, ಸುಡದಿದ್ದರೆ ಬರೀ ಮಣ್ಣು. ವ್ಯಾಖ್ಯೆ ಸರಿ. ಆದರೆ ಅದನ್ನೇ ಕಲೆಯ ಎಲ್ಲೆಕಟ್ಟು ಮಾಡಿಕೊಂಡ ವಿಮರ್ಶಕರು 1200 ಡಿಗ್ರಿ ದಾಟಿದ ಸ್ಟೋನ್‌ವೇರ್ ಹೂಜಿಯ ಗ್ಲೇಜ್ ಬಗ್ಗೆ ಪುಟಗಟ್ಟಲೆ ಬರೆದರು. ಭಾದ್ರಪದದ ಅಷ್ಟಮಿಗೆ ಹಿರೇವಡ್ಡಟ್ಟಿಯಂಥ ಊರಿನ ಓಣಿಗೆ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು ಬರುವ ಹಸಿಮಣ್ಣಿನ ದೇವರು ಜೋಕುಮಾರ ಅವರ ಕಣ್ಣಿಗೆ ಶಿಲ್ಪವಾಗಿ ಬೀಳಲೇ ಇಲ್ಲ.

ಮುಂಡರಗಿ ಸೀಮೆಯಲ್ಲಿ ಮಣ್ಣೆತ್ತು, ಗುಳ್ಳವ್ವಗಳನ್ನು ಮನೆಮಂದಿಯೇ ಮಾಡಿಕೊಳ್ಳುವುದುಂಟು. ಜೋಕುಮಾರ ಬಹುಮಟ್ಟಿಗೆ ಕುಂಬಾರರ ಕೈಯವನು.

ಅವನ ಬಾಯಿ ನೋಡಿ. ಕಣ್ಣು, ಮೀಸೆ ಎಲ್ಲ ದೊಡ್ಡವೇ, ಆದರೂ ಮುಖದ ಅಳತೆ ಮೀರಿ ನಿಂತದ್ದು ಬಾಯಿ. ಕೈತಪ್ಪಿ ಹಾಗಾದದ್ದಲ್ಲ. ಬಾರಕೇರ ಸಮುದಾಯದ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಮನೆಮನೆಗೆ ಬಂದಾಗ ಮನೆಯವರು ಆ ಬಾಯಿಗೆ ಬೆಣ್ಣೆ ಒರೆಸುತ್ತಾರೆ. ಏಳು ದಿನ, ಓಣಿಗೊಂದಿಷ್ಟು ಬೆರಳು. ತುಟಿ ತೆಳುವಾಗಿದ್ದರೆ ಮೊದಲ ಓಣಿಯಲ್ಲೇ ಕಿತ್ತು ಬಂದೀತು. ನಾನು ಹತ್ತಿರದಿಂದ ನೋಡಿದ ಮೂರ್ತಿಯಲ್ಲಿ ತುಟಿಯಂಚು ದಪ್ಪ, ಒಳಗೆ ಹೆಬ್ಬೆರಳು ಕೂರುವಷ್ಟು ತಗ್ಗು. ಸೀಳು ಬಿಟ್ಟದ್ದು ಕುತ್ತಿಗೆಯಲ್ಲಿ, ಬಾಯಿಯ ಸುತ್ತ ಒಂದೂ ಇರಲಿಲ್ಲ. ಜಿಡ್ಡು ಹಿಡಿದ ಕಡೆ ತೇವ ಬೇಗ ಆರುವುದಿಲ್ಲ. ಕಲಾಶಾಲೆಯಲ್ಲಿ ಗ್ಲೇಜ್ ಅನ್ನು ಮಾಡಿದವನೇ ಒಮ್ಮೆ ಬಳಿಯುತ್ತಾನೆ, ಉಳಿದದ್ದು ಬೆಂಕಿಗೆ ಬಿಟ್ಟದ್ದು. ಇಲ್ಲಿ ಹೊಳಪು ಹಚ್ಚುವುದು ಊರು, ಅದೂ ದಿನಾ. ಇನ್ನೊಂದು ಮಾತು: ಆವಿಗೆಗೆ ಹೋಗುವ ಮೂರ್ತಿಯ ಒಳಗನ್ನು ಸಾಮಾನ್ಯವಾಗಿ ಪೊಳ್ಳು ಮಾಡುತ್ತಾರೆ, ಇಲ್ಲವಾದರೆ ದಪ್ಪ ಮಣ್ಣಿನೊಳಗೆ ಉಳಿದ ತೇವ ಆವಿಯಾಗಿ ಮೂರ್ತಿ ಸಿಡಿಯಬಹುದು. ಜೋಕುಮಾರನಿಗೆ ಆ ಭಯವಿಲ್ಲ. ಗಟ್ಟಿ ಮುದ್ದೆಯ ಆ ಭಾರವನ್ನು ಪೊಳ್ಳು ತಲೆ ಎಂದೂ ತೋರಲಾರದು.

ಜಾನಪದದವರ ಮೇಲೂ ನನ್ನ ತಕರಾರಿದೆ. ಅವರು ಹಾಡು ಬರೆದುಕೊಂಡರು, ಹಾಡು ಕೇಳುತ್ತ ಕೂತ ಮೂರ್ತಿಯನ್ನು ಬಿಟ್ಟರು. ಕಂಬಾರರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ದೇವರು ಪಡವಲಕಾಯಿಯಾದ. ರಂಗದ ಮೇಲೆ ಅದು ದೊಡ್ಡ ಕಲ್ಪನೆ, ನಾಟಕಕಾರರಿಗೆ ಆ ಹಕ್ಕಿದೆ. ಆದರೆ ವಿಮರ್ಶಕರು ‘ಫಲವಂತಿಕೆಯ ಸಂಕೇತ’ ಎಂದು ಬರೆದು ಕೈತೊಳೆದುಕೊಂಡರೆ ಹೇಗೆ? ಸಂಕೇತಕ್ಕೆ ದಪ್ಪ ತುಟಿ ಬೇಕಿಲ್ಲ. ಬೆಣ್ಣೆ ತಿನ್ನುವವನಿಗೆ ಬೇಕು.

ಕಲಾಶಾಲೆಯಿಂದ ಲಾಭವಿಲ್ಲವೆಂದಲ್ಲ. ಗ್ಲೇಜಿನ ರಸಾಯನ, ಭಟ್ಟಿಯ ಶಾಖದ ಲೆಕ್ಕ ಅಲ್ಲಿಯೇ ಕಲಿಯಬೇಕು. ಆದರೆ ಪಕ್ಕದ ಶಿಲ್ಪ ವಿಭಾಗದಲ್ಲಿ ಏನಾಗುತ್ತದೆ? ಹುಡುಗ ವಾರಗಟ್ಟಲೆ ಮಣ್ಣಿನಲ್ಲಿ ತಲೆ ತಿದ್ದುತ್ತಾನೆ, ಪ್ಲಾಸ್ಟರಿನ ಅಚ್ಚು ತೆಗೆಯುತ್ತಾನೆ, ಫೈಬರ್‌ಗ್ಲಾಸ್ ಎರಕ ಹೊಯ್ಯುತ್ತಾನೆ. ಮಣ್ಣು ಮತ್ತೆ ತೊಟ್ಟಿಗೆ. ಅವನ ಬೆರಳಿನ ಗುರುತು ಉಳಿಯುವುದು ಬೇರೆ ವಸ್ತುವಿನಲ್ಲಿ. ಜೋಕುಮಾರನೂ ಮಣ್ಣಿಗೇ ಮರಳುತ್ತಾನೆ, ಆದರೆ ಮಣ್ಣಾಗಿಯೇ ಪೂರ್ಣನಾಗಿ ಬಾಳಿ.

ಹುಣ್ಣಿಮೆಯ ರಾತ್ರಿ ಅವನನ್ನು ಅಗಸರ ಕಲ್ಲಿನ ಬಳಿ ಬಿಟ್ಟು ಬರುತ್ತಾರೆ. ಒಮ್ಮೆ ಮುಂಜಾನೆ ಅಲ್ಲಿ ಹೋಗಿ ನೋಡಿದ್ದೆ. ಮೂಗು, ಮೀಸೆ ಪುಡಿಯಾಗಿದ್ದವು. ಬೆಣ್ಣೆ ಕುಡಿದ ತುಟಿ ಇಡಿಯಾಗಿ ಬಿದ್ದಿತ್ತು, ಒತ್ತಿದರೆ ಇನ್ನೂ ಬೆರಳಿಗೆ ಮೆತ್ತಗೆ ಹತ್ತುತ್ತಿತ್ತು.