ಚಂದ್ರಮತಿಯ ಮೇಲಣ ಸಂಶಯ

ಮಾರ್ಕಂಡೇಯಪುರಾಣದಲ್ಲಿ ಮೃತಪುತ್ರನನ್ನು ಹೊತ್ತು ಬಂದ ಶೈವ್ಯೆಯನ್ನು ಹರಿಶ್ಚಂದ್ರನು ಶ್ಮಶಾನದಲ್ಲಿ ಗುರುತಿಸುತ್ತಾನೆ. ದಂಪತಿಗಳು ಚಿತೆಯೇರಲು ಸಿದ್ಧರಾಗುವಷ್ಟರಲ್ಲಿ ದೇವತೆಗಳು ಪ್ರತ್ಯಕ್ಷರಾಗುತ್ತಾರೆ. ತಾಯಿಯ ಮೇಲೆ ಕೊಲೆಯ ಆರೋಪವು ಅಲ್ಲಿಲ್ಲ. 13ನೆಯ ಶತಮಾನದ ರಾಘವಾಂಕನು ಹರಿಶ್ಚಂದ್ರಕಾವ್ಯದಲ್ಲಿ ಇಷ್ಟಕ್ಕೆ ತೃಪ್ತನಾಗಲಿಲ್ಲ. ಕಾಡಿಗೆ ಹೋದ ಮಗನು ಮರಳದಿರಲು ಇರುಳಿನಲ್ಲಿ ಅವನನ್ನು ಅರಸಿ, ಹಾವು ಕಚ್ಚಿ ಸತ್ತುದನ್ನು ಕಂಡ ಚಂದ್ರಮತಿಯೇ, ಮುಂದೆ ಕಳ್ಳರು ಕೊಂದ ಕಾಶೀರಾಜನ ಶಿಶುವಿನೊಡನೆ ಸಿಕ್ಕಿ ಶಿಶುಘಾತಕಿಯೆನಿಸುತ್ತಾಳೆ. ಓದುಗನಿಗೆ ನಿಜವು ತಿಳಿದಿದೆ, ಅರಸನು ಅದನ್ನರಿಯನು. ಪುತ್ರಶೋಕವು ಅವಳನ್ನು ಆರೋಪದಿಂದ ರಕ್ಷಿಸದು. ಅವಳ ಶಿರಶ್ಛೇದಕ್ಕೆ ಪತಿಯೇ ನಿಯುಕ್ತನಾಗುವುದರಿಂದ, ಸತ್ಯವ್ರತನೇ ಅಸತ್ಯವಾದ ತೀರ್ಪನ್ನು ನೆರವೇರಿಸಲು ಕತ್ತಿಯೆತ್ತಬೇಕಾಗುತ್ತದೆ. ಶಿವನು ಪ್ರತ್ಯಕ್ಷನಾಗಿ ಅವಳನ್ನು ಉಳಿಸಿದರೂ, ಆ ತೀರ್ಪಿನ ದೋಷವು ಸಹೃದಯನ ಮನಸ್ಸಿನಲ್ಲಿ ನೆಲಸುತ್ತದೆ. ಪುರಾಣಕ್ಕಿಂತ ಕನ್ನಡ ಕಾವ್ಯದ ಅತಿಶಯವು ಇಲ್ಲಿಯೇ ಎಂದು ನಮ್ಮ ಮತ.