ಅವಸರದ ಕಂಪ್ರೆಸರ್

ನಮ್ಮ ಕಡೆಯ ಹುಡುಗರು ಮನೆಯಲ್ಲೇ ಮಾಡಿ ಕಳಿಸುವ ಗಿಟಾರ್ ರೆಕಾರ್ಡಿಂಗುಗಳನ್ನು ಕೇಳುವಾಗ ನನಗೆ ಬೇಸರವಾಗುವುದು ಅವರ ಕೈಯ ಬಗ್ಗೆ ಅಲ್ಲ. ಕೈ ಚೆನ್ನಾಗಿಯೇ ಪಳಗಿರುತ್ತದೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಸುತ್ತ ಭಜನೆ, ತತ್ವಪದ ಕೇಳುತ್ತ ಬೆಳೆದವರಿಗೆ ಲಯವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆಡುವುದು ನುಡಿಸಿದ ಮೇಲೆ. ಇಂಟರ್‌ಫೇಸಿನ ಗೇನ್ ಗುಂಡಿಯನ್ನು ಸರಿಯಾಗಿ ಇಡುವ ಮೊದಲೇ, ದನಿಯ ಏರಿಳಿತವನ್ನು ಒತ್ತಿ ಕಿರಿದು ಮಾಡುವ ಕಂಪ್ರೆಸರ್ ಬಂದು ಕೂತಿರುತ್ತದೆ. ಅದರ ಮೇಲೆ, ದನಿ ಮಿತಿ ದಾಟದಂತೆ ತಡೆಯುವ ಲಿಮಿಟರ್ ಒಂದು. ಎರಡಕ್ಕೂ ಯಾರೋ ಮಾಡಿಟ್ಟ ಪ್ರಿಸೆಟ್. ‘ಅಣ್ಣಾ, ಕಂಪ್ರೆಸರ್ ಹಾಕದಿದ್ರ ಮನ್ಯಾಗ ಮಾಡಿದ್ದು ಅಂತ ಗೊತ್ತಾಗ್ತೈತ್ರಿ’ ಎಂಬುದು ಅವರ ಸಮಜಾಯಿಷಿ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಹಾಕಿದ್ದರಿಂದಲೇ ಗೊತ್ತಾಗುತ್ತದೆ.

ಇಲ್ಲಿನ ಗಿಟಾರ್ ಹೆಚ್ಚಾಗಿ ಯಾವ ಹಾಡಿನ ಜೊತೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಅದು ಹೆಚ್ಚಾಗಿ ತತ್ವಪದ. ಆ ಪದಗಳ ಸಂತ ಶಿಶುನಾಳ ಶರೀಫರ ಶಿಶುವಿನಹಾಳ ನಮ್ಮ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನದು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಸಿ. ಅಶ್ವತ್ಥ್ ಅವರ ಧಾಟಿಗಳು ಇನ್ನಷ್ಟು ಮನೆಗಳನ್ನು ಹೊಕ್ಕವು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಕ್ಕೆ ಗಿಟಾರ್ ಹಿಡಿದ ಮೇಲಂತೂ ಆರು ತಂತಿಯ ಜೊತೆ ತತ್ವಪದ ಹಾಡುವುದು ಹೊಸ ಹುಡುಗರಿಗೆ ಸಹಜವಾಗಿಬಿಟ್ಟಿದೆ. ಈ ಪದಗಳ ಜೀವ ಇರುವುದೇ ಏರಿಳಿತದಲ್ಲಿ. ಹಾಡುವವನು ಮಾತಾಡಿದಂತೆ ತಗ್ಗಿನಲ್ಲಿ ಎತ್ತಿಕೊಳ್ಳುತ್ತಾನೆ, ಏಕತಾರಿ ಮಿಡಿಯುತ್ತಿರುತ್ತದೆ. ಪಲ್ಲವಿ ತಿರುಗಿ ಬಂದಾಗ ಹಿಮ್ಮೇಳ ಕೂಡಿಕೊಂಡು ತಾಳ, ದಮ್ಮಡಿ ಒಮ್ಮೆಲೇ ಏಳುತ್ತವೆ. ಒಬ್ಬನೇ ಕೂತು ನುಡಿಸುವ ಗಿಟಾರ್ ಇವೆರಡನ್ನೂ ಮಾಡಬೇಕು. ಬೆರಳ ತುದಿಯಿಂದ ಮೀಟುವ ನುಡಿಗೂ ಆರೂ ತಂತಿಗೆ ಬೀಸಿ ಹೊಡೆಯುವ ಸ್ಟ್ರಮ್ಮಿಗೂ ನಡುವೆ ಇಪ್ಪತ್ತು ಡೆಸಿಬೆಲ್ ಅಂತರ ಸುಲಭವಾಗಿ ಬರುತ್ತದೆ. ಕಂಪ್ರೆಸರಿನ ತ್ರೆಶೋಲ್ಡನ್ನು, ಅಂದರೆ ಅದು ಒತ್ತಲು ಶುರುಮಾಡುವ ಮಟ್ಟವನ್ನು, ಆ ತಗ್ಗಿನ ನುಡಿಗೇ ಇಳಿಸಿ, ಎಂಟು ಡೆಸಿಬೆಲ್ ಏರಿದರೆ ಒಂದನ್ನಷ್ಟೇ ಬಿಡುವ ರೇಶಿಯೋ 8:1 ಕೊಟ್ಟರೆ ಆ ಇಪ್ಪತ್ತು ಎರಡೂವರೆಗೆ ಇಳಿಯುತ್ತದೆ. ಹಿಮ್ಮೇಳ ಎದ್ದದ್ದೇ ಕೇಳುವವನಿಗೆ ತಿಳಿಯುವುದಿಲ್ಲ. ಪದದ ಅರ್ಧ ಅರ್ಥ ಅಲ್ಲಿಗೇ ಹೋಯಿತು.

ಆದರೆ ಕಂಪ್ರೆಸರಿನ ಕೆಲಸಕ್ಕಿಂತ ಮೊದಲು ಇಂಟರ್‌ಫೇಸಿನದು. ಈ ಸಣ್ಣ ಪೆಟ್ಟಿಗೆ ಮಾಡುವುದು ಎರಡೇ ಕೆಲಸ: ಬಂದ ಸಿಗ್ನಲನ್ನು ಬೇಕಾದಷ್ಟು ಎತ್ತುವುದು, ಎತ್ತಿದ್ದನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರಿಗೆ ಕೊಡುವುದು. ಅಂಕಿಯಾಗುವ ಆ ಹಂತದಲ್ಲಿ ಒಂದು ಮೇಲ್ಮಿತಿ ಇದೆ, ಮೀಟರಿನಲ್ಲಿ ಸೊನ್ನೆ ಎಂದು ತೋರಿಸುವುದು ಅದನ್ನೇ. ಸೊನ್ನೆ ದಾಟಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಇಲ್ಲಿಯೇ ನಾನು ಮತ್ತೆ ಮತ್ತೆ ಕಾಣುವ ದೊಡ್ಡ ತಪ್ಪುಕಲ್ಪನೆ: ರೀಪರ್‌ನಂಥ ಸಾಫ್ಟ್‌ವೇರಿನ ಟ್ರ್ಯಾಕಿನಲ್ಲಿ ಲಿಮಿಟರ್ ಹಾಕಿದ್ದೇನೆ, ಇನ್ನು ಎಷ್ಟು ಜೋರಾಗಿ ಹೊಡೆದರೂ ಒಡೆಯುವುದಿಲ್ಲ ಎಂಬ ಧೈರ್ಯ. ಆ ಲಿಮಿಟರ್ ಕೂತಿರುವುದು ಇಂಟರ್‌ಫೇಸಿನ ಆಚೆ. ಅದರ ಕೈಗೆ ಸಿಗುವುದು ಆಗಲೇ ಒಡೆದು ಬಂದ ದನಿ. ಒಡೆದದ್ದನ್ನು ಅದು ತಗ್ಗಿಸಿ ಕೊಡಬಲ್ಲದೇ ಹೊರತು ಕೂಡಿಸಿ ಕೊಡಲಾರದು. ಈಚಿನ ಕೆಲವು ಇಂಟರ್‌ಫೇಸ್‌ಗಳಲ್ಲಿ ಗೇನನ್ನು ತಾನೇ ತಗ್ಗಿಸಿಕೊಳ್ಳುವ ಏರ್ಪಾಡು ಇದೆ ನಿಜ, ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಗೇನ್ ಎಷ್ಟಿರಬೇಕು? ಇಡೀ ಹಾಡಿನಲ್ಲಿ ಅತಿ ಜೋರಾಗಿ ಹೊಡೆಯುವ ಸಾಲು ಯಾವುದೋ ಅದನ್ನೇ, ಹಾಡುವಾಗಿನ ಹುಮ್ಮಸ್ಸಿನಲ್ಲೇ ನುಡಿಸಿ ನೋಡಬೇಕು. ಮೀಟರಿನ ಮುಳ್ಳು ಮೈನಸ್ 12ರಿಂದ 10ರ ಆಸುಪಾಸಿನಲ್ಲಿ ನಿಂತರೆ ಸಾಕು. ಪರೀಕ್ಷೆಗೆಂದು ಮೆಲ್ಲಗೆ ಮೀಟಿ ಗೇನ್ ಹೊಂದಿಸುವುದು, ಆಮೇಲೆ ಪಲ್ಲವಿಯಲ್ಲಿ ಕೈ ಬೀಸುವುದು, ಆಗ ಕೆಂಪು ದೀಪ ಹತ್ತುವುದು ಎಲ್ಲ ಕಡೆಯ ಕಥೆ. ಅಷ್ಟು ತಗ್ಗಿಸಿದರೆ ದನಿ ಸಣ್ಣದಾಗುತ್ತದಲ್ಲ ಎಂಬ ಅಂಜಿಕೆ ಟೇಪಿನ ಕಾಲದ್ದು. ಟೇಪಿಗೆ ತನ್ನದೇ ಸುಯ್ ಸದ್ದು ಇತ್ತು, ಅದರ ಮೇಲೆ ಕಾಣುವಂತೆ ದನಿಯನ್ನು ಎತ್ತಲೇಬೇಕಿತ್ತು. 24 ಬಿಟ್ಟಿನ ರೆಕಾರ್ಡಿಂಗಿನಲ್ಲಿ ಒಂದೊಂದು ಬಿಟ್ಟಿಗೆ ಸುಮಾರು ಆರು ಡೆಸಿಬೆಲ್ ಲೆಕ್ಕದಲ್ಲಿ 144 ಡೆಸಿಬೆಲ್ ವಿಸ್ತಾರ ಇದೆ. ಪೆಟ್ಟಿಗೆಯ ಸ್ವಂತ ಸದ್ದು ಅದರಲ್ಲಿ ಒಂದಿಷ್ಟು ತಿಂದರೂ ಹನ್ನೆರಡು ಡೆಸಿಬೆಲ್ ಖಾಲಿ ಬಿಡುವುದರಿಂದ ಏನೂ ನಷ್ಟವಿಲ್ಲ.

ಎಲೆಕ್ಟ್ರಿಕ್ ಗಿಟಾರಿನವರು ಇನ್ನೊಂದು ಗುಂಡಿಯನ್ನು ಮರೆಯುತ್ತಾರೆ. ‘ಇನ್‌ಸ್ಟ್ರುಮೆಂಟ್’ ಎಂದು ಬರೆದಿರುವ ಸ್ವಿಚ್ಚನ್ನು ಒತ್ತಿದಾಗ ಆ ಕಿಂಡಿಯ ಪ್ರತಿರೋಧ ಸುಮಾರು ಹತ್ತು ಲಕ್ಷ ಓಮ್‌ಗೆ ಏರುತ್ತದೆ. ಗಿಟಾರಿನ ಆಯಸ್ಕಾಂತದ ಪಿಕಪ್ಪಿಗೆ ಬೇಕಾದದ್ದು ಅದೇ. ಲೈನ್ ಕಿಂಡಿಗೆ ಹಾಗೇ ಚುಚ್ಚಿದರೆ ಮೇಲಿನ ಸ್ವರಗಳ ಹೊಳಪು ಅಲ್ಲೇ ಸತ್ತುಹೋಗುತ್ತದೆ, ಆಮೇಲೆ ಈಕ್ಯೂ ತಿರುವಿ ತಿರುವಿ ಅದನ್ನು ಹುಡುಕುತ್ತ ಕೂರುವುದು ದಂಡ.

ಇನ್ನು ಮೈಕಿನ ವಿಷಯ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಮೈಲಾರ ಮಹದೇವಪ್ಪನವರ ಊರೆಂದು ನಮ್ಮ ಕಡೆಯ ಮೋಟೆಬೆನ್ನೂರು ನಾಡಿಗೆಲ್ಲ ಗೊತ್ತು. ಮೈಕ್ ಇಟ್ಟು ರೆಕಾರ್ಡ್ ಮಾಡುವವನಿಗೆ ಮಾತ್ರ ಅದು ಹೆದ್ದಾರಿಯ ಊರು. ಪುಣೆ–ಬೆಂಗಳೂರು ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 48, ಹಗಲು ರಾತ್ರಿ ಎನ್ನದೆ ಹರಿಯುತ್ತಿರುತ್ತದೆ. ಕಂಪ್ರೆಸರಿನ ನಿಜವಾದ ಬೆಲೆ ಏನೆಂದು ತಿಳಿಯುವುದು ಇಂಥ ಊರಿನಲ್ಲೇ. ಕಂಪ್ರೆಸರ್ ಜೋರಾದ ನುಡಿಯನ್ನು ಹತ್ತು ಡೆಸಿಬೆಲ್ ತಗ್ಗಿಸಿತು ಎನ್ನೋಣ. ತಗ್ಗಿದ್ದನ್ನು ತುಂಬಲು ಹುಡುಗ ಒಟ್ಟು ದನಿಯನ್ನು ಹತ್ತು ಡೆಸಿಬೆಲ್ ಎತ್ತುತ್ತಾನೆ. ಗಿಟಾರ್ ಮೊದಲಿದ್ದಲ್ಲಿಗೇ ಬಂತು. ಆದರೆ ತ್ರೆಶೋಲ್ಡಿನ ಕೆಳಗಿದ್ದದ್ದೆಲ್ಲ, ಅಂದರೆ ಫ್ಯಾನಿನ ಸದ್ದು, ಕುರ್ಚಿಯ ಕಿರುಕು, ದೂರದ ಲಾರಿ, ಹತ್ತು ಡೆಸಿಬೆಲ್ ಮೇಲೆದ್ದಿತು. ಕಿವಿಗೆ ಅದು ಸುಮಾರು ಎರಡರಷ್ಟು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ನುಡಿ ಬಂದಾಗ ಲಾರಿ ಕೆಳಗಿಳಿಯುತ್ತದೆ, ನುಡಿ ನಿಂತೊಡನೆ ಉಬ್ಬಿ ಮೇಲೆ ಬರುತ್ತದೆ. ಚರಣ ಮುಗಿದು ಪಲ್ಲವಿ ಎತ್ತುವ ಮುಂಚಿನ ಆ ಬಿಡುವಿನಲ್ಲಿ, ಪದದ ಮಾತು ಮನಸ್ಸಿಗೆ ಇಳಿಯಬೇಕಾದ ಹೊತ್ತಿನಲ್ಲಿ, ಹದಿನಾಲ್ಕು ಗಾಲಿಯ ಲಾರಿ ಹಾಡಿನೊಳಗೆ ಬರುತ್ತದೆ. ಇದನ್ನು ಯಾವ ಪ್ಲಗಿನ್ನೂ ಚೆನ್ನಾಗಿ ತೆಗೆಯದು.

ಇದಕ್ಕೆ ಮದ್ದು ಇರುವುದು ಕೋಣೆಯಲ್ಲಿ. ಮೈಕನ್ನು ಹನ್ನೆರಡನೆಯ ಫ್ರೆಟ್ಟಿನ ಎದುರು ಒಂದು ಗೇಣು ದೂರಕ್ಕೆ ತಂದರೆ ಗಿಟಾರ್ ಹಿಗ್ಗುತ್ತದೆ, ಲಾರಿ ಇದ್ದಲ್ಲೇ ಇರುತ್ತದೆ. ಬುರುಡೆಯ ತೂತಿನ ನೇರಕ್ಕೆ ಇಡಬಾರದು, ಅಲ್ಲಿ ಗಾಳಿಯ ಗುಮ್ಮೆನ್ನುವ ಸದ್ದು ಮೊದಲು ಬರುತ್ತದೆ. ಹಂಚಿನ ಮನೆಯಾದರೆ ಪ್ರತಿಧ್ವನಿ ಕಡಿಮೆ, ಮೇಲಿನಿಂದ ಹೊರಗಿನ ಸದ್ದು ಹೆಚ್ಚು. ಆರ್‌ಸಿಸಿ ಮನೆಯಾದರೆ ಅದು ತಿರುವುಮುರುವು. ನುಡಿಸುವವನ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ಇಳಿಬಿಟ್ಟರೆ ಗೋಡೆಯಿಂದ ವಾಪಸು ಬರುವ ಚುರುಕು ದನಿ ಅಡಗುತ್ತದೆ. ಅವ್ವ, ಅಜ್ಜಿ ಹೊಲಿದ ಕೌದಿ ಅಂಗಡಿಯ ತೆಳು ಫೋಮಿಗಿಂತ ಮೇಲು ಎಂದು ಖಂಡಿತವಾಗಿ ಹೇಳಬಲ್ಲೆ. ಆದರೆ ಲಾರಿಯ ಗುಡುಗನ್ನು ಅದೂ ತಡೆಯದು. ಮಂದ್ರದ ಅಲೆ ಬಟ್ಟೆಗೆ ಬಗ್ಗುವುದಿಲ್ಲ. ಅದಕ್ಕೆ ರಸ್ತೆಯಿಂದ ದೂರದ ಕೋಣೆ ಹುಡುಕುವುದೇ ದಾರಿ. ಗುಂಯ್ ಎನ್ನುವ ಕರೆಂಟಿನ ಸದ್ದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ ನೋಡಬೇಕು. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ಪ್ರಾಣದ ಜೊತೆ ಆಟ ಅದು, ಯಾರೂ ಮಾಡಬಾರದು.

ಕಂಪ್ರೆಸರೇ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಪರವಾದ ಗಟ್ಟಿ ವಾದವೊಂದಿದೆ: ನಮ್ಮ ಕೇಳುಗರು ಇರುವುದು ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ, ಕೈಯಲ್ಲಿ ಮೊಬೈಲು. ಇಪ್ಪತ್ತು ಡೆಸಿಬೆಲ್ ಏರಿಳಿತವನ್ನು ಹಾಗೇ ಬಿಟ್ಟರೆ ತಗ್ಗಿನ ಸಾಲು ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ. ಒಪ್ಪುತ್ತೇನೆ. ಅದಕ್ಕೇ ರೇಶಿಯೋ 2:1 ಅಥವಾ 3:1, ಜೋರಾದ ನುಡಿಯಲ್ಲಿ ಮೂರು ನಾಲ್ಕು ಡೆಸಿಬೆಲ್ ತಗ್ಗುವಷ್ಟು ತ್ರೆಶೋಲ್ಡ್. ಅಟ್ಯಾಕ್, ಅಂದರೆ ಕಂಪ್ರೆಸರ್ ಎಚ್ಚೆತ್ತು ಒತ್ತಲು ತೆಗೆದುಕೊಳ್ಳುವ ಹೊತ್ತು, 20ರಿಂದ 30 ಮಿಲಿಸೆಕೆಂಡ್ ಇದ್ದರೆ ಉಗುರು ತಂತಿಗೆ ತಾಗಿದ ಮೊದಲ ಪೆಟ್ಟು ಪಾರಾಗುತ್ತದೆ. ಸಾಫ್ಟ್‌ವೇರಿನಲ್ಲಿ ಬಹುಪಾಲು ನಕಲಾಗಿರುವುದು ಎರಡು ಹಳೆಯ ಯಂತ್ರಗಳು: ಬೆಳಕಿನ ಕೋಶದಿಂದ ನಿಧಾನವಾಗಿ ಕೆಲಸ ಮಾಡುವ, 1960ರ ದಶಕದ ಎಲ್‌ಎ–2ಎ ಮತ್ತು 1967ರಲ್ಲಿ ಬಿಲ್ ಪಟ್ನಮ್ ರೂಪಿಸಿದ 1176. ಎರಡನೆಯದರ ಅಟ್ಯಾಕ್ ಅತಿ ನಿಧಾನವೆಂದರೂ ಒಂದು ಮಿಲಿಸೆಕೆಂಡಿನೊಳಗೆ. ಡ್ರಮ್ಮಿಗೆ, ರಾಕ್ ಗಾಯಕನ ದನಿಗೆ ಅದು ಅದ್ಭುತ. ಬೆರಳಲ್ಲಿ ಮೀಟಿದ ಗಿಟಾರಿಗೆ ಅದರ ಪ್ರಿಸೆಟ್ ಎಳೆದು ಹಾಕಿದರೆ ಉಗುರಿನ ಪೆಟ್ಟು ಹುಟ್ಟುವಾಗಲೇ ಅಡಗಿಹೋಗುತ್ತದೆ.

ಮೊಬೈಲಿನ ವಿಷಯದಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಗಮನಿಸಿದವರು ಕಡಿಮೆ. ಗಿಟಾರಿನ ದಪ್ಪ ತಂತಿಯ ಮೂಲಸ್ವರ 82 ಹರ್ಟ್ಸ್. ಮೊಬೈಲಿನ ಸ್ಪೀಕರ್ ಅದನ್ನು ನುಡಿಸಲಾರದು. ಕಂಪ್ರೆಸರ್ ಮಾತ್ರ ಅದನ್ನು ಕೇಳಿಸಿಕೊಳ್ಳುತ್ತದೆ, ಏಕೆಂದರೆ ಸಿಗ್ನಲಿನಲ್ಲಿ ಹೆಚ್ಚು ಬಲ ಇರುವುದು ಆ ಮಂದ್ರದಲ್ಲೇ. ಹೆಬ್ಬೆರಳು ದಪ್ಪ ತಂತಿಯನ್ನು ಮೀಟಿದಾಗಲೆಲ್ಲ ಕಂಪ್ರೆಸರ್ ಇಡೀ ದನಿಯನ್ನು ಒತ್ತುತ್ತದೆ. ಬಸ್ಸಿನಲ್ಲಿ ಕೂತವನಿಗೆ ಆ ಹೆಬ್ಬೆರಳು ಕೇಳದು. ಮೇಲಿನ ತಂತಿಯ ಧಾಟಿ ಕಾರಣವಿಲ್ಲದೆ ಕುಗ್ಗಿ ಕುಗ್ಗಿ ಬರುವುದು ಮಾತ್ರ ಕೇಳುತ್ತದೆ. ಅನೇಕ ಕಂಪ್ರೆಸರ್‌ಗಳಲ್ಲಿ ಅವುಗಳ ಕಿವಿಗೆ ಮಾತ್ರ ಮಂದ್ರವನ್ನು ಮರೆಮಾಡುವ ಸೈಡ್‌ಚೈನ್ ಫಿಲ್ಟರ್ ಇರುತ್ತದೆ. ಅದನ್ನು 120, 150 ಹರ್ಟ್ಸ್‌ಗೆ ಇಟ್ಟರೆ ಈ ಕುಗ್ಗಾಟ ಬಹುಮಟ್ಟಿಗೆ ನಿಲ್ಲುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಡಿಸ್ಟಾರ್ಷನ್ ಹಾಕಿದವರಿಗೆ ಇದ್ಯಾವುದೂ ಬೇಕಿಲ್ಲ, ಡಿಸ್ಟಾರ್ಷನ್ನೇ ಏರಿಳಿತವನ್ನು ಆಗಲೇ ಸಮ ಮಾಡಿರುತ್ತದೆ.

ನುಡಿಸುವಾಗ ಹೆಡ್‌ಫೋನಿನಲ್ಲಿ ಕಂಪ್ರೆಸರ್ ಕೇಳಿಸಿಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಆಗಿ ಕೇಳಿದರೆ ಕೈ ಸೋಮಾರಿಯಾಗುತ್ತದೆ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಏನೂ ಬೆರೆಸದ ದನಿಯನ್ನು ತಡವಿಲ್ಲದೆ ಕೇಳಿಕೊಂಡು ನುಡಿಸುವುದು ಉತ್ತಮ. ಕಂಪ್ರೆಸರ್ ಬೇಕೋ ಬೇಡವೋ ಎಂಬ ತೀರ್ಮಾನ ಆಮೇಲೆ, ಹಾಕಿದ್ದನ್ನೂ ತೆಗೆದದ್ದನ್ನೂ ಒಂದೇ ಜೋರಿಗೆ ಹೊಂದಿಸಿ ಕೇಳಿದಾಗ. ಹಾಗೆ ಹೊಂದಿಸದಿದ್ದರೆ ಜೋರಾಗಿರುವುದೇ ಚೆಂದವೆಂದು ಕಿವಿ ಪ್ರತಿ ಸಲ ಮೋಸಹೋಗುತ್ತದೆ.

ಇನ್ನು ಲಿಮಿಟರ್. ಇದು ಹುಟ್ಟಿ ಬೆಳೆದದ್ದು ರೇಡಿಯೋ ಪ್ರಸಾರದ ಜೊತೆ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಕೇಳಿ ಬೆಳೆದವರು ನಾವು. ಅಂಥ ಮೀಡಿಯಂ ವೇವ್ ಪ್ರಸಾರದಲ್ಲಿ ದನಿ ಮಿತಿ ಮೀರಿದರೆ ಅಲೆ ಒಡೆಯುತ್ತದೆ, ಪಕ್ಕದ ನಿಲಯಕ್ಕೂ ಗಲೀಜು ಹರಡುತ್ತದೆ. ಅದನ್ನು ತಡೆಯುವ ಕಾವಲಿಗೆ ಬಂದ ಸಾಧನ ಮುಂದೆ ದನಿಯನ್ನು ಉಬ್ಬಿಸುವ ಸಾಧನವಾಯಿತು. 2008ರ ಮೆಟಾಲಿಕಾ ಆಲ್ಬಮ್ ‘ಡೆತ್ ಮ್ಯಾಗ್ನೆಟಿಕ್’ ಎಷ್ಟು ಒತ್ತಿಸಿಕೊಂಡಿತ್ತೆಂದರೆ, ಅದೇ ಹಾಡುಗಳು ವಿಡಿಯೋ ಗೇಮಿನಲ್ಲಿ ಕಡಿಮೆ ಒತ್ತಡದಲ್ಲಿ ಬಂದಾಗ ಅಭಿಮಾನಿಗಳೇ ಗೇಮಿನದು ಚೆನ್ನಾಗಿದೆ ಎಂದರು. ಈಗಂತೂ ಆ ಉಬ್ಬಿಗೆ ಅರ್ಥವೇ ಉಳಿದಿಲ್ಲ. ಹಾಡಿನ ಒಟ್ಟು ಜೋರನ್ನು ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ ಎಣಿಸಿ, ಯೂಟ್ಯೂಬು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಾದ ಹಾಡನ್ನು ತಾನೇ ಇಳಿಸುತ್ತದೆ. ಮೈನಸ್ 8ಕ್ಕೆ ಒತ್ತಿ ಕಳಿಸಿದ ಹುಡುಗನ ಹಾಡು ಆರು ಡೆಸಿಬೆಲ್ ಕೆಳಗಿಳಿಯುತ್ತದೆ. ಒತ್ತಿದ ಗಾಯ ಹಾಗೇ ಉಳಿಯುತ್ತದೆ. ತಗ್ಗಿನ ಹಾಡನ್ನು ಅದು ಎತ್ತಿಕೊಡುವುದಿಲ್ಲ ಎಂಬುದೂ ನಿಜ, ಹಾಗಾಗಿ ಮೈನಸ್ 14ರ ಹತ್ತಿರ ತಲುಪಿಸುವುದು ನ್ಯಾಯವೇ. ಒಂದು ದನಿ, ಒಂದು ಗಿಟಾರ್ ಇರುವ ಪದಕ್ಕೆ ಲಿಮಿಟರಿನ ಮೇಲ್ಮಿತಿಯನ್ನು ಮೈನಸ್ 1ಕ್ಕೆ ಇಟ್ಟು ಎರಡು ಮೂರು ಡೆಸಿಬೆಲ್ ತಗ್ಗಿಸುವುದರಲ್ಲಿ ಅಷ್ಟು ಜೋರು ಸಿಗಬೇಕು. ಸಿಗದಿದ್ದರೆ ಲಿಮಿಟರನ್ನು ಇನ್ನಷ್ಟು ಒತ್ತುವ ಬದಲು, ಎಲ್ಲೋ ಒಂದೆರಡು ಕಡೆ ಕೈ ಜಾರಿ ಬಿದ್ದ ವಿಪರೀತ ಪೆಟ್ಟುಗಳನ್ನು ಹುಡುಕಿ, ಆ ಪೆಟ್ಟುಗಳ ವಾಲ್ಯೂಮನ್ನಷ್ಟೇ ಕೈಯಾರೆ ಇಳಿಸಬೇಕು. ಅರ್ಧ ಗಂಟೆಯ ಕೆಲಸ, ಪಲ್ಲವಿಯ ಏರು ಏರಾಗಿಯೇ ಉಳಿಯುತ್ತದೆ.