ಆರ್‌ಎಸಿ ಟಿಕೆಟ್‌ನ ನೇರ ಮಾತು

ತಮಿಳುನಾಡಿನ ತೇನಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಕಂಬಂ ಕಣಿವೆಯವರು, ಮನೆಯೊಳಗೆ ಇಂದಿಗೂ ಕನ್ನಡವಾಡುವ ಅಲ್ಲಿನ ಒಕ್ಕಲಿಗರೂ ಸೇರಿ, ವಿಮಾನ ಹತ್ತಬೇಕೆಂದರೆ ಮಧುರೈಗೆ ಇಳಿಯಬೇಕು. ಅಲ್ಲಿಗೆ ಬರುವ ಪುಟ್ಟ ಎಟಿಆರ್ ವಿಮಾನದಲ್ಲಿ ಬಿಸಿನೆಸ್ ಕ್ಲಾಸೇ ಇಲ್ಲ. ಅಪ್‌ಗ್ರೇಡ್ ಆಸೆಯಿದ್ದವರು ಹೆಚ್ಚಾಗಿ ಚೆನ್ನೈಯಿಂದ ಹೊರಡುವ ದೊಡ್ಡ ವಿಮಾನಗಳನ್ನೇ ನೆಚ್ಚಿಕೊಳ್ಳಬೇಕು. ಅಲ್ಲೂ ಇಕಾನಮಿ ತುಂಬಿ ತುಳುಕಿ ಮುಂದಿನ ಸೀಟು ಖಾಲಿ ಉಳಿದರೆ ಕರೆ ಬರುವುದು ಸಾಮಾನ್ಯವಾಗಿ ಗೋಲ್ಡ್, ಪ್ಲಾಟಿನಂ ಕಾರ್ಡಿನವರಿಗೆ, ಹೆಚ್ಚು ದರ ಕೊಟ್ಟವರಿಗೆ. ಇಸ್ತ್ರಿ ಅಂಗಿ ತೊಟ್ಟು ಕೌಂಟರಿನಲ್ಲಿ ನಕ್ಕರೆ ಸೀಟು ಸಿಗುತ್ತದೆಂಬ ಮಾತನ್ನು ನಂಬಬೇಡಿ.

ಒಂದಷ್ಟು ಜನ ಬರುವುದಿಲ್ಲ ಎಂಬ ಲೆಕ್ಕದ ಮೇಲೆ ವಿಮಾನ ಸಂಸ್ಥೆ ಇರುವುದಕ್ಕಿಂತ ಹೆಚ್ಚು ಸೀಟು ಮಾರುತ್ತದೆ. ಎಲ್ಲರೂ ಬಂದುಬಿಟ್ಟರೆ? ತಾವಾಗಿ ಬಿಟ್ಟುಕೊಡುವವರನ್ನು ಮೊದಲು ಕೇಳಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವಿದೆ. ಆಮೇಲೂ ನಿಮ್ಮನ್ನು ಇಳಿಸಿದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟಲ್ಲಿ ಪರಿಹಾರವಿಲ್ಲ. 24 ಗಂಟೆಯೊಳಗಿನದಾದರೆ ಮೂಲ ದರ ಹಾಗೂ ಇಂಧನ ಶುಲ್ಕದ 200%, ಗರಿಷ್ಠ 10,000 ರೂಪಾಯಿ. ಅದಕ್ಕೂ ತಡವಾದರೆ 400%, ಗರಿಷ್ಠ 20,000. 2016ರ ಆಗಸ್ಟ್‌ನಿಂದ ಈ ಮೊತ್ತ ಜಾರಿಯಲ್ಲಿದೆ. ಸೀಟಿನ ಬದಲು ಸಂಸ್ಥೆ ನೀಡುವ ವೋಚರಿಗೆ ಸಹಿ ಹಾಕುವ ಮುನ್ನ ಇದನ್ನು ನೆನಪಿಸಿಕೊಳ್ಳಿ. ಸೀಟು ಬಿಡುವವರನ್ನು ಹರಾಜಿನ ರೀತಿ ಹುಡುಕಬೇಕೆಂದು ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ 1968ರಲ್ಲೇ ಸೂಚಿಸಿದ್ದರು. ಅಮೆರಿಕ ಅದನ್ನು ಒಪ್ಪಲು ಹತ್ತು ವರ್ಷ ಹಿಡಿಯಿತು.

ನನಗೆ ಇಷ್ಟವಾಗುವುದು ರೈಲಿನ ರೀತಿ. ಮೀಟರ್‌ಗೇಜ್ ನಿಂತು ಹನ್ನೆರಡು ವರ್ಷ ಬಣಗುಟ್ಟಿದ್ದ ತೇನಿ ಜಿಲ್ಲೆಯ ಬೋಡಿನಾಯಕನೂರಿಗೆ 2023ರ ಜೂನ್ 15ರಂದು ಮತ್ತೆ ರೈಲು ಬಂತು. ವಾರಕ್ಕೆ ಮೂರು ದಿನ ಚೆನ್ನೈ ಎಕ್ಸ್‌ಪ್ರೆಸ್. ಆರ್‌ಎಸಿ, ಅಂದರೆ ಬೇರೆಯವರು ರದ್ದು ಮಾಡಿದರಷ್ಟೇ ಪೂರ್ತಿ ಬರ್ತ್ ಕೊಡುವ ಟಿಕೆಟ್, ಸಿಕ್ಕರೆ ಸೈಡ್ ಲೋಯರ್ ಬರ್ತ್ ಇಬ್ಬರಿಗೆ. ಎದುರುಬದುರು ಕೂತು, ಬ್ಯಾಗನ್ನು ಕಾಲ ಕೆಳಗೆ ತುರುಕಿ, ಟಿಟಿಇ ಕೈಯಲ್ಲಿನ ಯಂತ್ರವನ್ನೇ ನೋಡುತ್ತಿರಬೇಕು. ತೇನಿಯಲ್ಲೋ ಮಧುರೈಯಲ್ಲೋ ಹತ್ತಬೇಕಿದ್ದವರು ಬಾರದಿದ್ದರೆ ದಿಂಡಿಗಲ್ ಬರುವಷ್ಟರಲ್ಲಿ ಒಬ್ಬರಿಗೆ ಬೇರೆ ಬರ್ತ್ ಸಿಕ್ಕಿ, ಇನ್ನೊಬ್ಬರು ಕಾಲು ಚಾಚಬಹುದು. ಕಷ್ಟ ಹೌದು, ಆದರೆ ಅರ್ಧ ಬರ್ತ್ ಎಂದು ಟಿಕೆಟ್ಟೇ ಮೊದಲು ಹೇಳಿರುತ್ತದೆ. ವಿಮಾನ ಸಂಸ್ಥೆ ಗೇಟಿನವರೆಗೂ ‘ಕನ್ಫರ್ಮ್ಡ್’ ಎನ್ನುತ್ತದೆ. ಹೆಚ್ಚು ಮಾರುವುದಕ್ಕೆ ನನ್ನ ತಕರಾರಿಲ್ಲ, ಮುಚ್ಚಿಟ್ಟು ಮಾರುವುದಕ್ಕಿದೆ.

ರೈಲಿನಲ್ಲೂ ಅಪ್‌ಗ್ರೇಡ್ ಇದೆ, ಕಾರ್ಡಿನ ಹಂಗಿಲ್ಲದೆ. ಚಾರ್ಟ್ ಸಿದ್ಧವಾಗುವಾಗ ಮೇಲಿನ ದರ್ಜೆಯಲ್ಲಿ ಬರ್ತ್ ಉಳಿದಿದ್ದರೆ ಪೂರ್ಣ ದರ ಕೊಟ್ಟವರನ್ನು ಕಂಪ್ಯೂಟರೇ ಮೇಲಕ್ಕೆ ಕಳಿಸುತ್ತದೆ. ತೆರವಾದ ಬರ್ತ್ ವೇಟಿಂಗ್ ಲಿಸ್ಟಿನವರಿಗೆ. ಹೆಚ್ಚುವರಿ ಹಣ ಕೊಡಬೇಕಿಲ್ಲ, ಪಿಎನ್ಆರ್ ಕೂಡ ಬದಲಾಗದು. ಆದರೆ ಹೊಸ ಬೋಗಿಯಲ್ಲಿ ಲೋಯರ್ ಬರ್ತೇ ಸಿಗುತ್ತದೆಂಬ ಭರವಸೆಯಿಲ್ಲ. ಮಂಡಿನೋವಿನ ಅಮ್ಮನ ಜೊತೆ ಹೊರಟವರು ಬುಕಿಂಗ್ ಮಾಡುವಾಗ ಆಟೋ ಅಪ್‌ಗ್ರೇಡ್ ಕೇಳುವ ಆ ಚೌಕಕ್ಕೆ ಟಿಕ್ ಹಾಕದಿರುವುದೇ ಒಳ್ಳೆಯದು.